ಹದಿನಾರು ಪಾಯಿಂಟ್ ಮೂರು

ಮಧ್ಯಾಹ್ನ ಮೂರಕ್ಕೆ ಲಕೋಟೆ ಒಡೆಯುತ್ತೇವೆ ಎಂದು ನಿನ್ನೆ ಸಂಜೆಯೇ ಡಾಕ್ಟರಮ್ಮ ಹೇಳಿದ್ದರು. ಆ ಮಾತು ಅರಗದ ತುತ್ತಿನ ಹಾಗೆ ಅವಳ ಎದೆಯಲ್ಲಿ ನಿಂತಿತ್ತು. ಬೆಳಿಗ್ಗೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಕಾಗದದ ಟೋಪಿಯೊಳಗೆ ಕೂದಲು ತುರುಕಿಕೊಳ್ಳುವಾಗಲೂ ಅದು ಅಲ್ಲಿಂದ ಕದಲಲಿಲ್ಲ. ಮೊದಲು ನಿಲುವಂಗಿ, ಆಮೇಲೆ ಕೈಗವಸು, ಅದರ ಮೇಲೆ ಇನ್ನೊಂದು ಜೊತೆ ಕೈಗವಸು, ಚಪ್ಪಲಿಯ ಮೇಲೆ ನೀಲಿ ಚೀಲ, ಕೊನೆಗೆ ಮಾಸ್ಕ್. ಮಾಸ್ಕ್ ಹಾಕಿಕೊಂಡ ಮೇಲೆ ಅವಳಿಗೆ ಯಾವಾಗಲೂ ಉಸಿರು ಸರಾಗವಾಗುತ್ತಿತ್ತು, ಉಳಿದವರಿಗೆ ಉಸಿರು ಕಟ್ಟುತ್ತಿದ್ದರೆ. ಬಸ್ಸಿನಲ್ಲಿ ಎದುರು ಕೂತವರು ಒಮ್ಮೆ ನೋಡಿದರೂ ಮುಖ ಎಲ್ಲಿಡಲಿ ಎನ್ನಿಸುವವಳಿಗೆ, ಮುಖವೇ ಇಲ್ಲದೆ ಎರಡು ಕಣ್ಣು ಮಾತ್ರ ಇರುವ ಕೆಲಸ ಸಿಕ್ಕಿದ್ದು ಯಾರ ಪುಣ್ಯವೋ. ಒಳಬಾಗಿಲ ಮುಂದೆ ನಿಂತು ಅವಳು ಇನ್ನೊಮ್ಮೆ ಲೆಕ್ಕ ಹಾಕಿದಳು. ಈಗ ಎಂಟು ಗಂಟೆ. ಇನ್ನು ಏಳು ಗಂಟೆಗಳಿವೆ. ಅಷ್ಟರೊಳಗೆ ಒಂದು ವಾಕ್ಯ ಹೇಳಬೇಕು. ಒಂದೇ ವಾಕ್ಯ, ಅದೂ ಉದ್ದದ್ದಲ್ಲ.

ಒಳಗೆ ಗಾಳಿಯಂತ್ರದ ಒಂದೇ ಸಮನೆ ಗುಯ್ ಎನ್ನುವ ಸದ್ದು, ಮರದ ಹೊಟ್ಟಿನ ಬೆಚ್ಚನೆಯ ವಾಸನೆ, ಕಪಾಟಿನ ಮೇಲೆ ಸಾಲಾಗಿ ಎಂಟು ಪಾರದರ್ಶಕ ಗೂಡುಗಳು. ಹದಿನಾಲ್ಕು ದಿನಗಳ ಹಿಂದೆ ಇಲ್ಲಿ ನಲವತ್ತು ಬಿಳಿ ಇಲಿಗಳಿದ್ದವು. ಮೊದಲು ಅವುಗಳ ಮೈಯ ಕಾವಲು ಇಳಿಸುವ ಮದ್ದು ಕೊಟ್ಟರು. ಆಮೇಲೆ ಮೂಗಿಗೆ ಒಂದೊಂದು ಹನಿ, ಆ ಹನಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬೂಷ್ಟಿನ ಬೀಜ. ಡಾಕ್ಟರಮ್ಮ ಅದನ್ನು ಶಿಲೀಂಧ್ರ ಎನ್ನುತ್ತಾರೆ. ಅವಳ ನಾಲಿಗೆ ಆ ಪದದ ಮೇಲೆ ಎಡವುತ್ತದೆ, ಅವಳಿಗೆ ಅದು ಬ್ರೆಡ್ಡಿನ ಮೇಲೆ ಏಳುವ ಬೂಷ್ಟೇ. ಆವತ್ತಿನಿಂದ ದಿನಾ ಬಾಲದ ನರಕ್ಕೆ ಒಂದು ಸೂಜಿ. ಮದ್ದಿನ ಸೀಸೆಗಳಿಗೆ ಕೆಂಪು, ಹಳದಿ, ಹಸಿರು, ನೀಲಿ ಮುಚ್ಚಳ, ಒಂದೊಂದು ಬಣ್ಣಕ್ಕೆ ಎರಡೆರಡು ಗೂಡು. ಒಂದರಲ್ಲಿ ಬರೀ ಉಪ್ಪುನೀರು, ಒಂದರಲ್ಲಿ ಈಗಾಗಲೇ ಆಸ್ಪತ್ರೆಗಳಲ್ಲಿ ಕೊಡುವ ಹಳೆಯ ಮದ್ದು, ಉಳಿದೆರಡರಲ್ಲಿ ಹೊಸ ಮದ್ದು, ಒಂದರಲ್ಲಿ ಕಡಿಮೆ, ಇನ್ನೊಂದರಲ್ಲಿ ಹೆಚ್ಚು. ಯಾವ ಬಣ್ಣದಲ್ಲಿ ಯಾವುದು ಎಂಬುದು ಇಲ್ಲಿ ಯಾರಿಗೂ ಗೊತ್ತಿಲ್ಲ, ಡಾಕ್ಟರಮ್ಮನಿಗೂ ಗೊತ್ತಿಲ್ಲ. ಮೇಲಿನ ಮಹಡಿಯ ಲೆಕ್ಕದವರು ಅದನ್ನು ಬರೆದು ಲಕೋಟೆಯಲ್ಲಿಟ್ಟು ಅಂಟಿಸಿದ್ದಾರೆ. ಗೊತ್ತಿದ್ದರೆ ಕಣ್ಣು ಬೇಕಾದ್ದನ್ನೇ ನೋಡುತ್ತದಂತೆ. ಇವತ್ತು ಉಳಿದಿರುವುದು ಇಪ್ಪತ್ತೊಂದು ಇಲಿಗಳು. ಇಪ್ಪತ್ತು ಎನ್ನಬೇಕೇನೋ.

"ಏನಮ್ಮಾ ಇಲಿತಾಯಿ, ಇವತ್ತು ಮಕ್ಕಳ ರಿಸಲ್ಟು. ನಿದ್ದೆ ಬಂತಾ?" ಎಂದ ಸೂಜಿಯಣ್ಣ, ಹಾಳೆ ಕಟ್ಟಿದ ಹಲಗೆ ಹಿಡಿದು ಸ್ಟೂಲಿನ ಮೇಲೆ ಕೂರುತ್ತ. ಕೂದಲಿನಷ್ಟು ಸಣ್ಣ ನರಕ್ಕೂ ಒಂದೇ ಏಟಿಗೆ ಸೂಜಿ ಇಳಿಸುವವನು. ಬಂದ ದಿನವೇ ಅವಳಿಗೆ ಇಲಿತಾಯಿ ಎಂದು ಹೆಸರಿಟ್ಟವನು. ಅವಳು ತಲೆಯಾಡಿಸಿ ಮೊದಲ ಗೂಡಿನ ಮುಚ್ಚಳ ತೆಗೆದಳು. ಅವಳು ತೂಗಿ ಓದಬೇಕು, ಅವನು ತಕ್ಕಡಿಯನ್ನು ತಾನೂ ನೋಡಿ ಬರೆಯಬೇಕು, ಕೊನೆಗೆ ಹಾಳೆಯ ಬುಡದಲ್ಲಿ ಇಬ್ಬರೂ ಸಹಿ ಹಾಕಬೇಕು, ಅದು ಪದ್ಧತಿ. ಬಾಲದ ಬುಡ ಹಿಡಿದೆತ್ತಿ ಪ್ಲಾಸ್ಟಿಕ್ ಡಬ್ಬಿಗಿಳಿಸಿ, ಅಂಕಿಗಳು ಓಡಾಡಿ ನಿಲ್ಲುವವರೆಗೆ ಕಾದು, ಅವಳು ಓದುತ್ತ ಹೋದಳು. ದಿನದಲ್ಲಿ ಅವಳು ಗಟ್ಟಿಯಾಗಿ ಮಾತನಾಡುವುದು ಈ ಅರ್ಧ ಗಂಟೆ ಮಾತ್ರ. ಅಂಕಿ ಓದುವಾಗ ಅವಳ ದನಿ ನಡುಗುವುದಿಲ್ಲ, ಅಂಕಿಗಳಿಗೆ ತನ್ನ ಅಭಿಪ್ರಾಯ ಸೇರಿಸಬೇಕಿಲ್ಲವಲ್ಲ. ನೀಲಿ ಗೂಡು ಎರಡು, ಒಂದು ಗೆರೆ, ಎರಡು ಗೆರೆ. ಬಾಲದ ಮೇಲೆ ಕಪ್ಪು ಮಾರ್ಕರಿನಲ್ಲಿ ಹಾಕಿದ ಉಂಗುರದಂಥ ಗೆರೆಗಳೇ ಅವುಗಳ ಹೆಸರು. ಎರಡು ದಿನಕ್ಕೊಮ್ಮೆ ಮಾಸುತ್ತವೆ, ಅವಳು ಮತ್ತೆ ತೀಡುತ್ತಾಳೆ. ಮೂರು ಗೆರೆಯದು ಡಬ್ಬಿಯ ಅಂಚಿಗೆ ಕಾಲು ಕೊಟ್ಟು ಎದ್ದು ನಿಂತು ಮೀಸೆ ಕುಣಿಸಿತು. "ಹದಿನೆಂಟು ಪಾಯಿಂಟ್ ಒಂದು," ಎಂದಳು. ಆ ಒಂದು ಎನ್ನುವಾಗ ದನಿ ನಡುಗಿತು.

"ನೋಡಿ ನಮ್ಮ ಮೂರು ಗೆರೆ ಸಾಹೇಬ್ರನ್ನ! ಅತ್ತೆ ಮನೇಲಿ ತಿಂದು ಬಂದ ಅಳಿಯನ ಥರ ಆಗಿದಾರೆ," ಎಂದು ಸೂಜಿಯಣ್ಣ ನಕ್ಕ. "ಆವತ್ತು ಇದರ ಕಥೆ ಮುಗೀತು ಅಂದ್ಕೊಂಡಿದ್ದೆ ನಾನು."

ಆವತ್ತು, ಎಂದರೆ ಒಂಬತ್ತನೆಯ ದಿನ. ಹಾಳೆಯಲ್ಲಿ ಪ್ರತಿ ಇಲಿಯ ಎದುರೂ ಕೆಂಪು ಅಕ್ಷರದಲ್ಲಿ ಒಂದು ಅಂಕಿ ಮೊದಲೇ ಅಚ್ಚಾಗಿರುತ್ತದೆ. ಮೊದಲ ದಿನದ ತೂಕದಲ್ಲಿ ಐದನೇ ಒಂದು ಪಾಲು ಕಳೆದರೆ ಬರುವ ಅಂಕಿ ಅದು. ಅಷ್ಟಕ್ಕಿಂತ ಕೆಳಗಿಳಿದ ಇಲಿ ಇನ್ನು ನರಳಬಾರದು. ಆಗಲೇ ಉಸಿರು ನಿಲ್ಲಿಸುವ ಗಾಳಿಪೆಟ್ಟಿಗೆಗೆ ಹಾಕಿ ಮುಗಿಸಿ, ಸತ್ತದ್ದು ಎಂದು ಬರೆಯಬೇಕು. ದಯೆಗಾಗಿ ಮಾಡಿದ ನಿಯಮ ಎಂದು ಡಾಕ್ಟರಮ್ಮ ಕಲಿಸುವಾಗ ಹೇಳಿದ್ದರು, ಅವಳು ಒಪ್ಪಿದ್ದಳು. ಮೂರು ಗೆರೆಯ ಅಂಕಿ ಹದಿನಾರು ಪಾಯಿಂಟ್ ನಾಲ್ಕು ಗ್ರಾಂ. ಆ ಬೆಳಿಗ್ಗೆ ಸೂಜಿಯಣ್ಣನ ಕೈಗವಸು ಹರಿದು, "ನೀನೇ ಬರಕೋ, ಬಂದೆ" ಎಂದು ಹೊರಗೆ ಹೋಗಿದ್ದ. ತಕ್ಕಡಿ ಹದಿನಾರು ಪಾಯಿಂಟ್ ಮೂರು ತೋರಿಸಿತು. ಅವಳು ಇಲಿಯನ್ನೆತ್ತಿ, ತಕ್ಕಡಿ ಸೊನ್ನೆಗೆ ಬರಲು ಬಿಟ್ಟು, ಮತ್ತೆ ಇಳಿಸಿದಳು. ಮೂರೇ. ರೋಮ ನಿಮಿರಿತ್ತು, ಬೆನ್ನು ಗೂನಾಗಿತ್ತು, ಕಣ್ಣು ಅರ್ಧ ಮುಚ್ಚಿತ್ತು, ಎಲ್ಲ ನಿಜ. ಆದರೆ ತೂಗುವುದಕ್ಕೆ ಮುಂಚೆ, ಗೂಡಿನ ಹೊರಗೆ ಸುಮ್ಮನೆ ನಿಂತು ನೋಡುವ ಅವಳ ಆ ಒಂದು ನಿಮಿಷದಲ್ಲಿ, ಅದು ಕಾಗದದ ಒಂದು ಚೂರನ್ನು ಬಾಯಲ್ಲಿ ಕಚ್ಚಿ ಮೂಲೆಗೆ ಎಳೆಯುತ್ತಿತ್ತು. ಎರಡು ಹೆಜ್ಜೆ ಎಳೆದು ಸುಸ್ತಾಗಿ ನಿಂತು, ಮತ್ತೆ ಎರಡು ಹೆಜ್ಜೆ. ಸಾಯುವ ಇಲಿ ಹಾಸಿಗೆ ಮಾಡಿಕೊಳ್ಳುವುದಿಲ್ಲ. ಇದನ್ನು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ, ಯಾವ ಹಾಳೆಯಲ್ಲೂ ಇದಕ್ಕೆ ಜಾಗವಿರಲಿಲ್ಲ. ಪೆನ್ನು ಹಿಡಿದ ಕೈ ಹದಿನಾರು ಪಾಯಿಂಟ್ ಐದು ಎಂದು ಬರೆಯಿತು. ಕೈ ಬರೆಯಿತು ಎಂದು ಈಗಲೂ ಅಂದುಕೊಳ್ಳುತ್ತಾಳೆ, ಕೈ ಬೇರೆ ಯಾರದೋ ಎಂಬಂತೆ. ಸೂಜಿಯಣ್ಣ ಹೊಸ ಕೈಗವಸು ಎಳೆದುಕೊಳ್ಳುತ್ತ ಬಂದು ಬುಡದಲ್ಲಿ ಸಹಿ ಗೀಚಿದ.

ಕೆಲವು ವರ್ಷಗಳ ಹಿಂದೆ, ಆಸ್ಪತ್ರೆಯಲ್ಲಿ ಅವಳ ಚಿಕ್ಕಮ್ಮ ತಕ್ಕಡಿ ಹತ್ತುವಾಗ ಗೋಡೆ ಹಿಡಿಯುತ್ತಿದ್ದಳು. ಹಿಡಿದರೆ ತೂಕ ತಪ್ಪುತ್ತದೆ ಎಂದು ನರ್ಸು ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದರು, ಮಕ್ಕಳ ಮುಷ್ಟಿಯಿಂದ ಏನನ್ನೋ ಬಿಡಿಸುವ ಹಾಗೆ. ರಕ್ತದ ಕಾಯಿಲೆಗೆ ಕೊಟ್ಟ ಮದ್ದು ಚಿಕ್ಕಮ್ಮನ ಮೈಯ ಕಾವಲನ್ನೂ ತೆಗೆದುಹಾಕಿತ್ತು. ಶ್ವಾಸಕೋಶದಲ್ಲಿ ಬೂಷ್ಟು ಹಿಡಿದಿದೆ ಎಂದು ಡಾಕ್ಟರು ಹೇಳಿದಾಗ ಚಿಕ್ಕಪ್ಪ ಯಾರಿಗೂ ಆ ಪದ ಹೇಳಬೇಡ ಎಂದ, ಮನೆ ಕೊಳಕಾಗಿತ್ತು ಎಂದುಕೊಳ್ಳುತ್ತಾರೆ ಎಂದು. ಅವಳು ಎಂಟನೇ ತರಗತಿಗೆ ಹೋಗುವುದನ್ನು ಬಿಟ್ಟು ಆಸ್ಪತ್ರೆಯ ಬೆಂಚಿನ ಮೇಲೆ ಕೂತಳು. ಮನೆಗೆ ಬಂದ ದಿನಗಳಲ್ಲಿ ಬಚ್ಚಲ ಗೋಡೆ ತಿಕ್ಕಿದಳು, ಕಪಾಟಿನ ಹಿಂಬದಿ ತಿಕ್ಕಿದಳು. ಆಸ್ಪತ್ರೆಯಲ್ಲಿ ದಿನಾ ಬೆಳಿಗ್ಗೆ ತೂಕ. ತೂಕ ಇಳಿಯುತ್ತಲೇ ಇತ್ತು. "ಇನ್ನೂ ಇಳಿದ್ರೆ ಮನೆಗೆ ಕಳ್ಸಲ್ಲ ಕಣೇ ಇವ್ರು. ಹಾಕು, ಯಾರೂ ನೋಡಲ್ಲ," ಎಂದು ಚಿಕ್ಕಮ್ಮ ಬೀಗದ ಕೈ ಗೊಂಚಲನ್ನು ಕಣ್ಣಲ್ಲೇ ತೋರಿಸಿದಳು. ಅವಳು ಅದನ್ನು ಆಸ್ಪತ್ರೆಯ ಅಂಗಿಯ ಜೇಬಿಗೆ, ಸದ್ದಾಗದಂತೆ ಕರವಸ್ತ್ರದಲ್ಲಿ ಸುತ್ತಿ, ಇಳಿಬಿಟ್ಟಳು. ಹೀಗೆ ಮೂರು ದಿನ ಬೆಳಿಗ್ಗೆ. ನರ್ಸು ತೂಕವನ್ನು ಬರೆದುಕೊಂಡು, ಅದನ್ನು ಯಾವುದೋ ಅಂಕಿಯಿಂದ ಗುಣಿಸಿ, ಅಷ್ಟು ಮದ್ದು ಸಿರಿಂಜಿಗೆ ಎಳೆದುಕೊಳ್ಳುವುದನ್ನು ಅವಳು ಕಾಲು ಒತ್ತುತ್ತ ನೋಡುತ್ತಿದ್ದಳು. ಈ ಮದ್ದು ಕಿಡ್ನಿಗೆ ಸ್ವಲ್ಪ ಒರಟು, ಅದಕ್ಕೇ ಅಳೆದು ತೂಗಿ ಕೊಡಬೇಕು ಎಂದಿದ್ದರು ಆ ನರ್ಸೇ. ಆರನೆಯ ದಿನ ಕಿಡ್ನಿ ನಿಂತಿತು, ಚಿಕ್ಕಮ್ಮ ಮನೆಗೆ ಬರಲೇ ಇಲ್ಲ. ಗೊಂಚಲು ಅವಳ ಹತ್ತಿರ ಉಳಿಯಿತು, ಮನೆಯ ಬಾಗಿಲು ತೆಗೆಯಲು ಇನ್ನೂ ಅದೇ ಬೇಕು.

"ಅಣ್ಣಾ." ಇಪ್ಪತ್ತೊಂದನೆಯ ಇಲಿಯನ್ನು ಗೂಡಿಗೆ ಬಿಟ್ಟು ಮುಚ್ಚಳ ಹಾಕುತ್ತ ಅವಳೆಂದಳು. "ಒಂಬತ್ತನೇ ದಿನ ಮೂರು ಗೆರೆದು ಹದಿನಾರು ಪಾಯಿಂಟ್ ಐದು ಇರ್ಲಿಲ್ಲ."

ಸೂಜಿಯಣ್ಣ ಸಹಿ ಹಾಕುತ್ತಿದ್ದವನು ಪೆನ್ನೆತ್ತಲಿಲ್ಲ. "ಮತ್ತೆ?"

"ಮೂರು."

ಅವನು ಬಾಗಿಲ ಕಡೆ ನೋಡಿದ. ದನಿ ತಗ್ಗಿಸಿದ, ಆದರೆ ಬೈಯಲಿಲ್ಲ. "ಯಾಕಮ್ಮ ಈಗ ಹೇಳ್ತೀಯ ಇದನ್ನ? ನಾಳೆ ಬೆಳಿಗ್ಗೆ ಎಲ್ಲಾನೂ ಮಲಗಿಸಿ ಶ್ವಾಸಕೋಶ ತೆಗೀತಾರೆ. ಅದೂ ಹೋಗುತ್ತೆ, ನಿನ್ನ ಮೂರೂ ಹೋಗುತ್ತೆ. ಯಾರಿಗೆ ಬೇಕು?"

"ಲಕೋಟೆ ಒಡೀತಾರೆ."

"ಒಡೀಲಿ ಬಿಡು." ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳವನ್ನು ಹಾಕಿ ತೆಗೆದು ಮಾಡಿದ. "ನನ್ನ ಸೈನ್ ಇದೆ ಕಣಮ್ಮ ಅಲ್ಲಿ. ನೋಡಿದೆ ಅಂತ ಸೈನ್ ಹಾಕಿದೀನಿ. ಹನ್ನೊಂದು ವರ್ಷ ಆಯ್ತು ನಾನಿಲ್ಲಿ ಬಂದು."

ಅವಳು ಹಾಳೆ ನೋಡಿದಳು. ಹಾಳೆಯ ಬುಡದಲ್ಲಿ ಅವನ ಸಹಿ ಉದ್ದವಾಗಿ, ಬಾಲದಂತೆ ಒಂದು ಗೆರೆ ಎಳೆದು ನಿಂತಿತ್ತು. ಅದರ ಪಕ್ಕದಲ್ಲಿ ತನ್ನದು, ಶಾಲೆಯ ಪುಸ್ತಕದ ಮೇಲೆ ಬರೆದ ಹಾಗೆ ಒಂದೊಂದೇ ಅಕ್ಷರ ಬಿಡಿಬಿಡಿಯಾಗಿ. ಒಂಬತ್ತನೇ ದಿನದಿಂದ ಈಚೆಗೆ ತನ್ನ ತಪ್ಪನ್ನು ಅವಳು ಬಹಳ ಸಲ ಮಗುಚಿ ನೋಡಿದ್ದಳು. ನೀಲಿಯಲ್ಲಿ ಉಪ್ಪುನೀರಿದ್ದರೆ, ಮದ್ದಿಲ್ಲದೆಯೂ ಇಲಿ ಬದುಕುತ್ತದೆ ಎಂದಾಗಿ ಹೊಸ ಮದ್ದಿನ ಬೆಲೆ ತಗ್ಗುತ್ತದೆ. ನೀಲಿಯಲ್ಲಿ ಹೊಸ ಮದ್ದಿದ್ದರೆ, ಅದು ಇರುವುದಕ್ಕಿಂತ ಒಳ್ಳೆಯದು ಎಂದು ಕಾಣುತ್ತದೆ. ನಾಳೆ ಯಾವುದೋ ಊರಿನಲ್ಲಿ ಯಾರದೋ ಚಿಕ್ಕಮ್ಮನಿಗೆ ಅದನ್ನು ಅಳೆದು ಕೊಡುತ್ತಾರೆ. ಹೇಗೆ ಮಗುಚಿದರೂ ಒಂದು ಬದಿ ಸುಡುತ್ತಿತ್ತು. ಆದರೆ ಸೂಜಿಯಣ್ಣನ ಹನ್ನೊಂದು ವರ್ಷ ಈ ಲೆಕ್ಕದಲ್ಲಿ ಇರಲೇ ಇಲ್ಲ, ಅದು ಈಗ ಬಂದು ಸೇರಿಕೊಂಡಿತು. ಒಬ್ಬಳೇ ಹೊತ್ತುಕೊಳ್ಳುವ ತಪ್ಪು ಎಂದು ಅವಳಿಗೆ ಒಂದು ರೀತಿಯ ಜಂಬವೂ ಇತ್ತೇನೋ, ಅದು ಇಳಿದುಹೋಯಿತು.

ಹನ್ನೊಂದಕ್ಕೆ ಚಹಾ. ತೊಳೆಯುವ ಕೋಣೆಯಲ್ಲಿ ಬಾಟ್ಲಿ ಅಕ್ಕ ಇಲಿಗಳ ನೀರಿನ ಬಾಟಲಿಗಳನ್ನು ಬ್ರಷ್ಷಿನಿಂದ ತಿಕ್ಕಿ ಬುಟ್ಟಿಗೆ ಬೋರಲು ಹಾಕುತ್ತಿದ್ದಳು. ಪಕ್ಕದ ಮನೆಯವಳು, ಅವಳಿಗೆ ಈ ಕೆಲಸ ಕೊಡಿಸಿದವಳು. ಆವಿಯಲ್ಲಿ ಕೆಂಪಗಾದ ಮುಖ ತಿರುಗಿಸಿ, "ಯಾಕೇ, ಒಗೆದು ಹಿಂಡಿ ಒಣಗಹಾಕೋದು ಮರೆತ ಬಟ್ಟೆ ಥರ ನಿಂತಿದೀಯ?" ಎಂದಳು. ಅವಳು ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಒಂದು ತಪ್ಪು ಮಾಡಿದೀನಿ, ಮೇಡಂಗೆ ಹೇಳಬೇಕು, ಎಂದಳು. ಬಾಟ್ಲಿ ಅಕ್ಕ ಏನು ತಪ್ಪು ಎಂದು ಕೇಳಲಿಲ್ಲ. ಕೈ ಒರೆಸಿಕೊಂಡು ತನ್ನ ಡಬ್ಬಿ ತೆಗೆದು ಎರಡು ಬ್ರೆಡ್ಡು ಅವಳ ಮುಂದಿಟ್ಟಳು. "ತಿನ್ನು. ಹೇಳೋದಿದ್ರೆ ಹೊಟ್ಟೆ ತುಂಬಿಸಿಕೊಂಡು ಹೇಳು. ಖಾಲಿ ಹೊಟ್ಟೇಲಿ ಹೇಳಕ್ಕೆ ಹೋದ್ರೆ ಅಳು ಬರುತ್ತೆ, ಅತ್ರೆ ಅವ್ರಿಗೆ ನಿನ್ನ ಸಮಾಧಾನ ಮಾಡೋದೇ ಕೆಲಸ ಆಗುತ್ತೆ. ಹೇಳಿದ್ದು ಅಲ್ಲೇ ಇರುತ್ತೆ." ಅವಳು ತಿಂದಳು. ತಿನ್ನುವ ಮುಂಚೆ ಬ್ರೆಡ್ಡನ್ನು ಮಗುಚಿ ನೋಡುವ ಅಭ್ಯಾಸ ಇನ್ನೂ ಹೋಗಿರಲಿಲ್ಲ. ಬಾಟ್ಲಿ ಅಕ್ಕ ಅದನ್ನೂ ನೋಡಿದಳು, "ಇವತ್ತಿಂದೇ ಕಣೇ ತಾಯಿ" ಎಂದು ನಕ್ಕಳು.

ಡಾಕ್ಟರಮ್ಮನ ಕೋಣೆಗೆ ಅವಳು ಮೊದಲ ಸಲ ಹೋದದ್ದು ಒಂದೂವರೆಗೆ. ಮಾಸ್ಕ್ ಇರಲಿಲ್ಲ, ಒಳಗಿನ ಮಾಸ್ಕನ್ನು ಹೊರಗೆ ತರುವಂತಿಲ್ಲ. ಮೇಜಿನ ಮೇಲೆ ಗಾಜಿನ ತಟ್ಟೆಯೊಂದರಲ್ಲಿ ಅದೇ ಬೂಷ್ಟು ದುಂಡಗೆ ಬೆಳೆದಿತ್ತು, ಬೂದಿ ಬೆರೆತ ಹಸಿರು, ಅಂಚಿಗೆ ಬಿಳಿ ಕುಚ್ಚು, ಮುಟ್ಟಿದರೆ ಮಖಮಲ್ಲಿನ ಹಾಗಿರಬಹುದು ಎನ್ನಿಸುವಷ್ಟು ಚೆಂದ. ಡಾಕ್ಟರಮ್ಮ ಕಿತ್ತಳೆ ಸುಲಿಯುತ್ತ, "ಏನಮ್ಮ?" ಎಂದರು. "ಇವತ್ತಿನ ಹಾಳೆ, ಮೇಡಂ." "ಅದು ಆಗ್ಲೇ ಬಂತಲ್ಲ?" "ಹೌದು ಮೇಡಂ." ಅವಳು ಹೊರಗೆ ಬಂದಳು. ಬಾಗಿಲು ತನ್ನಷ್ಟಕ್ಕೆ ಮುಚ್ಚಿಕೊಳ್ಳುವ ಬಾಗಿಲು. ಅದು ಮೆಲ್ಲಗೆ, ಎಷ್ಟೋ ಹೊತ್ತು, ಅವಳ ಬೆನ್ನ ಹಿಂದೆ ಮುಚ್ಚಿಕೊಳ್ಳುತ್ತಲೇ ಇತ್ತು. ಎರಡನೆಯ ಸಲ ಎರಡೂಕಾಲಿಗೆ. ಡಾಕ್ಟರಮ್ಮ ಫೋನಿನಲ್ಲಿದ್ದರು, ಹುಬ್ಬೆತ್ತಿ ನೋಡಿದರು. ಅವಳು ಕಿಟಕಿಯ ಬಳಿಯ ಕುಂಡಕ್ಕೆ ನೀರು ಹಾಕಿ ಬಂದಳು. ಕುಂಡಕ್ಕೆ ಬೆಳಿಗ್ಗೆ ಯಾರೋ ಹಾಕಿದ್ದರು, ನೀರು ತಟ್ಟೆ ತುಂಬಿ ಕಿಟಕಿಯ ಕಟ್ಟೆಯ ಮೇಲೆ ಹರಿಯಿತು. ಹಜಾರದಲ್ಲಿ ನಿಂತಾಗ ಅವಳ ಕಿವಿ ಬಿಸಿಯಾಗಿತ್ತು. ಕೆಲಸ ಕಲಿಸುವಾಗ ಡಾಕ್ಟರಮ್ಮ ಹೇಳಿದ್ದರು: "ಲಕೋಟೆ ಒಡೆಯೋವರೆಗೂ ಏನು ತಪ್ಪಿದ್ರೂ ಹೇಳಿ, ತಿದ್ದಬಹುದು. ಒಡೆದ ಮೇಲೆ ಹೇಳಿದ್ರೆ, ನಾನು ನಂಬಿದ್ರೂ ಬೇರೆಯವರು ನಂಬಲ್ಲ. ಅವರು ನಂಬದೇ ಇರೋದೇ ಸರಿ." ಆಗ ಚಿಕ್ಕಮ್ಮನ ನರ್ಸಿನ ಮುಖ ನೆನಪಾಗಿತ್ತು. ಆ ನರ್ಸಿಗೂ ಗೊಂಚಲಿನ ವಿಷಯ ಹೀಗೇ ಬಾಗಿಲ ಹತ್ತಿರ ನಿಂತು ಹೇಳಬೇಕೆಂದು ಹೋಗಿ, ಕುಡಿಯುವ ನೀರು ಕೇಳಿ ಬಂದಿದ್ದಳು.

ಮೂರಕ್ಕೆ ಹತ್ತು ನಿಮಿಷವಿದ್ದಾಗ ಲೆಕ್ಕದವರು ಮೆಟ್ಟಿಲಿಳಿದು ಬಂದರು, ತೆಳ್ಳಗಿನ ಗಂಡಸು, ಕಂದು ಲಕೋಟೆಯನ್ನು ಎದೆಗೊತ್ತಿ ಹಿಡಿದಿದ್ದರು. ಅವರ ಹಿಂದೆಯೇ ಅವಳು ಡಾಕ್ಟರಮ್ಮನ ಕೋಣೆಗೆ ಹೋದಳು. ಸೂಜಿಯಣ್ಣ ಆಗಲೇ ಒಳಗಿದ್ದ, ಹಾಳೆಗಳ ಕಟ್ಟನ್ನು ಮೇಜಿನ ಮೇಲೆ ಜೋಡಿಸುತ್ತ. ಅವಳನ್ನು ನೋಡಿ ಮತ್ತೆ ಕಟ್ಟನ್ನೇ ನೋಡಿದ.

"ಮೇಡಂ, ಒಂಬತ್ತನೇ ದಿನ ನೀಲಿ ಎರಡು, ಮೂರು ಗೆರೆ. ಹದಿನಾರು ಪಾಯಿಂಟ್ ಮೂರು."

ಹೇಳಿದ್ದು ತೂಕ ಓದುವ ದನಿಯಲ್ಲೇ. ಹಾಗೆ ಹೇಳಬಹುದು ಎಂದು ಮೊದಲೇ ಯಾಕೆ ಹೊಳೆಯಲಿಲ್ಲವೋ. ಡಾಕ್ಟರಮ್ಮ ಹಾಳೆ ಹುಡುಕಿ ತೆಗೆದರು. "ಇಲ್ಲಿ ಐದು ಅಂತಿದೆ."

"ನಾನು ಐದು ಅಂತ ಬರೆದೆ. ಇದ್ದಿದ್ದು ಮೂರು. ಎರಡು ಸಲ ತೂಗಿದೆ."

ಲೆಕ್ಕದವರು ಲಕೋಟೆಯನ್ನು ಮೆಲ್ಲಗೆ ಮೇಜಿನ ಮೇಲೆ ಬೋರಲಾಗಿಟ್ಟರು. ಡಾಕ್ಟರಮ್ಮನ ಮುಖದಲ್ಲಿ ಸಿಟ್ಟು ಬರುತ್ತದೆ ಎಂದು ಅವಳು ಕಾದಳು. ಬಂದದ್ದು ದಣಿವು, ಇಡೀ ದಿನ ನಿಂತವರು ಕೂತಾಗ ಬರುವಂಥದ್ದು. "ಯಾಕೆ?"

"ಕಾಗದ ಎಳೀತಿತ್ತು ಮೇಡಂ. ಬಾಯಲ್ಲಿ ಕಚ್ಚಿಕೊಂಡು ಮೂಲೆಗೆ. ಹಾಸಿಗೆ ಮಾಡ್ಕೊಳ್ಳಕ್ಕೆ. ಸಾಯೋದು ಮಾಡ್ಕೊಳ್ಳಲ್ಲ."

ಡಾಕ್ಟರಮ್ಮನ ಬೆರಳು ಹಾಳೆಯ ಮೇಲಿಂದ ಜಾರುತ್ತ ಬುಡಕ್ಕೆ ಬಂತು. "ಇಲ್ಲಿ ಎರಡನೇ ಸೈನ್ ಇದೆಯಲ್ಲ." ಅವಳು ತನ್ನ ಚಪ್ಪಲಿಯ ತುದಿ ನೋಡಿದಳು. ಈ ಪ್ರಶ್ನೆಗೆ ಉತ್ತರ ಅವಳು ಬಾಯಿಪಾಠ ಮಾಡಿಕೊಂಡಿದ್ದಳು, ನಾನೇ ಅವ್ರಿಗೆ ಐದು ಅಂತ ಹೇಳಿದೆ, ಅವ್ರ ತಪ್ಪಿಲ್ಲ ಎಂದು. ಅದೂ ಇನ್ನೊಂದು ಹದಿನಾರು ಪಾಯಿಂಟ್ ಐದೇ ಎಂದು ಗೊತ್ತಾಗಿ ನಾಲಿಗೆ ಮೇಲೇಳಲಿಲ್ಲ.

"ನಾನು ನೋಡ್ಲಿಲ್ಲ ಮೇಡಂ," ಎಂದ ಸೂಜಿಯಣ್ಣ. "ಗ್ಲೌಸ್ ಹರಿದಿತ್ತು, ತರಕ್ಕೆ ಹೋಗಿದ್ದೆ. ಬಂದು ಹಾಗೇ ಸೈನ್ ಹಾಕಿದೆ." ಆಮೇಲೆ, ಕೋಣೆಯಲ್ಲಿ ಯಾರಾದರೂ ನಗಲಿ ಎಂಬಂತೆ, "ಹನ್ನೊಂದು ವರ್ಷದಲ್ಲಿ ಒಂದು ಗ್ಲೌಸ್ ಹರೀತು, ಅದೂ ಆವತ್ತೇ," ಎಂದ. ಯಾರೂ ನಗಲಿಲ್ಲ, ಆದರೆ ಅವನು ಅವಳ ಪಕ್ಕಕ್ಕೆ ಒಂದು ಹೆಜ್ಜೆ ಸರಿದು ನಿಂತ.

ತಪ್ಪು ಅಂಕಿಯನ್ನು ಇಲ್ಲಿ ಅಳಿಸುವಂತಿಲ್ಲ, ಮೇಲೆ ಬಿಳಿ ಹಚ್ಚುವಂತಿಲ್ಲ. ಓದಲು ಬರುವ ಹಾಗೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದ್ದನ್ನು ಬರೆದು, ತಾರೀಕು, ಹೊತ್ತು, ಸಹಿ. ಡಾಕ್ಟರಮ್ಮ ಪೆನ್ನನ್ನು ಅವಳ ಕಡೆ ಸರಿಸಿದರು. ಅವಳು ಗೆರೆ ಎಳೆದಳು. ಹದಿನಾರು ಪಾಯಿಂಟ್ ಐದು ಗೆರೆಯ ಹಿಂದಿನಿಂದ ಚೆನ್ನಾಗಿಯೇ ಕಾಣುತ್ತಿತ್ತು. ಪಕ್ಕದಲ್ಲಿ ಮೂರು ಎಂದು ಬರೆದು, ಎರಡು ಗಂಟೆ ಐವತ್ತೈದು ನಿಮಿಷ ಎಂದು ಬರೆದಳು. ಸೂಜಿಯಣ್ಣನೂ ತನ್ನ ಸಹಿಯ ಮೇಲೆ ಒಂದು ಗೆರೆ ಎಳೆದ. ಡಾಕ್ಟರಮ್ಮ ನೀಲಿ ಎರಡರ ಎದುರು, ಮೂರು ಗೆರೆ, ಒಂಬತ್ತನೇ ದಿನ ಸತ್ತದ್ದು ಎಂದು ಬರೆದು, "ಈಗ ಒಡೀರಿ," ಎಂದರು.

ಕೆಂಪು ಉಪ್ಪುನೀರು. ಹತ್ತರಲ್ಲಿ ಒಂದು ಉಳಿದಿತ್ತು. ಹಳದಿ ಹಳೆಯ ಮದ್ದು, ಐದು. ಹಸಿರು ಹೊಸದರ ದೊಡ್ಡ ಅಳತೆ, ಎಂಟು. ನೀಲಿ ಹೊಸದರ ಸಣ್ಣ ಅಳತೆ. ಏಳು, ಎಂದು ಓದಲು ಹೋದ ಲೆಕ್ಕದವರು ನಿಂತು, ಆರು ಎಂದರು. ಸಣ್ಣ ಅಳತೆಯ ಮೇಲೇ ಡಾಕ್ಟರಮ್ಮನ ಆಸೆಯಿತ್ತೆಂದು ಎಲ್ಲರಿಗೂ ಗೊತ್ತು. ಕಡಿಮೆ ಕೊಟ್ಟಷ್ಟೂ ಕಿಡ್ನಿ ಉಳಿಯುತ್ತದೆ. ಹಳೆಯದರ ಐದಕ್ಕೂ ಇದರ ಆರಕ್ಕೂ ಏನು ದೊಡ್ಡ ವ್ಯತ್ಯಾಸ ಎಂದು ಯಾರಾದರೂ ಕೇಳುತ್ತಾರೆ, ಇನ್ನೊಮ್ಮೆ ಮೊದಲಿಂದ ಮಾಡಬೇಕಾಗುತ್ತದೆ. ಡಾಕ್ಟರಮ್ಮ ಆರು ಎಂಬ ಅಂಕಿಯನ್ನು ನೋಡುತ್ತ ಕೂತರು. "ಅದು ನಿಜವಾಗ್ಲೂ ಬದುಕಿತು ಅಲ್ವಾ," ಎಂದರು, ಯಾರಿಗೂ ಅಲ್ಲ. ಆಮೇಲೆ ಅವಳಿಗೆ: "ಮುಂದಿನ ಸಲ ತೂಕ ನೀನು ಮಾಡೋದು ಬೇಡಮ್ಮ. ತೊಳೆಯೋ ಕೋಣೇಲಿರು." ಅವಳು ಸರಿ ಮೇಡಂ ಎಂದಳು. ಬಾಗಿಲು ದಾಟುವಾಗ ಹಿಂದಿನಿಂದ ದನಿ ಬಂತು. "ಆ ಕಾಗದದ್ದು. ಬೇರೆ ಯಾವುದಾದ್ರೂ ಹಾಗೆ ಮಾಡಿದ್ದು ನೋಡಿದೀಯಾ?" ನೋಡಿದೀನಿ, ಎಂದಳು. ಹಸಿರಿನಲ್ಲಿ ನಾಲ್ಕು, ಹಳದಿಯಲ್ಲಿ ಎರಡು, ಯಾವ್ಯಾವ ದಿನ ಎಂದೂ ಹೇಳಿದಳು. ಡಾಕ್ಟರಮ್ಮ ಕಿತ್ತಳೆ ಸಿಪ್ಪೆ ಸರಿಸಿ ಒಂದು ಚೀಟಿಯ ಮೇಲೆ ಬರೆದುಕೊಂಡರು.

ಸಂಜೆ ಕೊನೆಯ ಸಲ ಒಳಗೆ ಹೋದಾಗ, ಪುಸ್ತಕದಲ್ಲಿ ಐದು ದಿನದ ಹಿಂದೆ ಸತ್ತ ಇಲಿ ನೀರಿನ ಬಾಟಲಿಯ ಮೂತಿಗೆ ಬಾಯಿಟ್ಟು ಕುಡಿಯುತ್ತಿತ್ತು. ಬಾಲದ ಗೆರೆಗಳು ಮಾಸಿದ್ದವು. ನಾಳೆ ಬೆಳಿಗ್ಗೆಯವರೆಗೆ ಅದನ್ನು ಯಾರೂ ಗುರುತಿಸಬೇಕಿಲ್ಲ. ಅವಳು ಮಾರ್ಕರು ತೆಗೆದು ಮೂರೂ ಗೆರೆಗಳನ್ನು ತೀಡಿದಳು, ಒಣಗುವವರೆಗೆ ಬಾಲವನ್ನು ಬೆರಳ ಮೇಲೆ ಹಿಡಿದಿದ್ದಳು. ಹೊಸ ಕಾಗದ ಹಾಕಿದಳು. ನಿಂತು ನೋಡಲಿಲ್ಲ, ಬೆನ್ನ ಹಿಂದೆ ಕಾಗದ ಹರಿಯುವ ಸದ್ದು ಕೇಳಿಸಿತು.

ತಕ್ಕಡಿಯನ್ನು ಒರೆಸಿ ಹೊರಗಿನ ಕೋಣೆಗೆ ತಂದು, ಹಿತ್ತಾಳೆಯ ತೂಕದ ಬೊಟ್ಟುಗಳಿಟ್ಟು ಸರಿ ತೋರಿಸುತ್ತದೆಯೇ ಎಂದು ನೋಡಿ, ಬೇರೆಯವರಿಗೆ ಒಪ್ಪಿಸಬೇಕಿತ್ತು. ಇಪ್ಪತ್ತರ ಬೊಟ್ಟು ಇಪ್ಪತ್ತು ತೋರಿಸಿತು, ನೂರರದು ನೂರು. ಅವಳು ಬಟ್ಟೆ ಬದಲಿಸಿ, ಚೀಲ ಹೆಗಲಿಗೆ ಹಾಕಿಕೊಂಡು, ಹೊರಡಲು ಬೀಗದ ಕೈ ತೆಗೆದವಳು ನಿಂತಳು. ಎಂಟು ತಿಂಗಳು ದಿನಾ ಈ ತಕ್ಕಡಿಯ ಮುಂದೆ ನಿಂತಿದ್ದರೂ ಒಮ್ಮೆಯೂ ಮಾಡದೇ ಇದ್ದುದನ್ನು ಮಾಡಿದಳು, ಗೊಂಚಲನ್ನು ತಕ್ಕಡಿಯ ಮೇಲಿಟ್ಟಳು. ಐದು ಕೀಲಿ, ಒಂದು ಬಳೆ, ಒಂದು ತೆಳು ಬಿಲ್ಲೆ. ಅಂಕಿಗಳು ಓಡಾಡಿ ನಿಂತವು. ಎಂಬತ್ತಾರು ಪಾಯಿಂಟ್ ನಾಲ್ಕು ಗ್ರಾಂ. ಐದು ಇಲಿಗಳಷ್ಟು. ಆಸ್ಪತ್ರೆಯ ತಕ್ಕಡಿಗೆ ದೊಡ್ಡ ಮುಳ್ಳಿತ್ತು, ಅರ್ಧ ಅರ್ಧ ಕಿಲೋಗೆ ಒಂದು ಗೀಟು. ಇಷ್ಟಕ್ಕೆ ಆ ಮುಳ್ಳು ಅಲುಗಿಯೂ ಇರಲಾರದು. ನರ್ಸು ಬರೆದದ್ದು ಚಿಕ್ಕಮ್ಮನ ತೂಕವನ್ನೇ. ಮೂರು ಬೆಳಿಗ್ಗೆಯೂ ಚಿಕ್ಕಮ್ಮ ಕರವಸ್ತ್ರದ ಗಂಟಿನ ಮೇಲೆ ಕೈಯಿಟ್ಟು, ಗೆದ್ದವಳ ಹಾಗೆ ಅವಳ ಕಡೆ ನೋಡಿದ್ದು ಸುಮ್ಮಸುಮ್ಮನೆ.

ಅವಳು ಗೊಂಚಲನ್ನು ಎತ್ತಿಕೊಂಡಳು. ತಕ್ಕಡಿ ಸೊನ್ನೆಗೆ ಬರುವವರೆಗೆ ಕಾದು, ಆಮೇಲೆ ಆರಿಸಿದಳು.